ಹಬ್ಬದ ದೀಪಕ್ಕೆ ಹಣವಿದೆ, ಒಡೆಯುವ ಮನೆಗೆ?

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಭಾನುವಾರ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ ಒಬ್ಬ ತಾಯಿ ನನ್ನ ಬಳಿಗೆ ಬಂದರು. ಗಂಡನ ಕುಡಿತ, ತೀರದ ಸಾಲ, ಶಾಲೆಗೆ ಹೋಗಲೊಲ್ಲದ ಮಗ, ಇಷ್ಟನ್ನೂ ಅವರು ಐದೇ ನಿಮಿಷಗಳಲ್ಲಿ ಹೇಳಿ ಮುಗಿಸಿದರು. ಏಕೆಂದರೆ ನಾನು ಎರಡು ಸಲ ಗಡಿಯಾರ ನೋಡಿದ್ದೆ. "ತಾಳ್ಮೆಯಿಂದಿರಮ್ಮ, ಜಪಮಾಲೆ ಬಿಡಬೇಡಿ" ಎಂದು ಆಶೀರ್ವದಿಸಿ ಕಳುಹಿಸಿದೆ. "ಆಗಲಿ ಸ್ವಾಮಿ" ಎಂದು ಅವರು ಹೊರಟರು. ವರ್ಷ ತುಂಬುವುದರೊಳಗೆ ಆ ಮನೆಗೆ ಬೀಗ ಬಿದ್ದಿತ್ತು. ಪ್ರಾರ್ಥನೆ ನಿಷ್ಫಲವಾಯಿತೆಂದು ನಾನು ಹೇಳಲಾರೆ. ಪ್ರಾರ್ಥನೆಯ ಹೆಸರಿನಲ್ಲಿ ನನ್ನ ಹೊಣೆಯನ್ನು ದೇವರ ಮೇಲೆ ಹೊರಿಸಿದೆನೆಂಬುದಂತೂ ನಿಜ.

ವಿವಾಹಕ್ಕೆ ಮುನ್ನ ವಧೂವರರನ್ನು ತರಬೇತಿ ಶಿಬಿರಕ್ಕೆ ಕಡ್ಡಾಯವಾಗಿ ಕಳುಹಿಸುತ್ತೇವೆ. ಮದುವೆಯ ಮರುದಿನದಿಂದ ಆ ಮನೆಯ ಪಾಡೇನೆಂದು ಕೇಳುವವರಿಲ್ಲ. ಮುಂದೆ ನಾವು ಅವರನ್ನು ಕಾಣುವುದು ಮಗುವಿನ ಜ್ಞಾನಸ್ನಾನದಲ್ಲಿ, ಇಲ್ಲವೇ ಧರ್ಮಪ್ರಾಂತ್ಯದ ನ್ಯಾಯಮಂಡಳಿಯ ಕಡತದಲ್ಲಿ. ಉಳ್ಳವರು ಆಪ್ತಸಮಾಲೋಚಕರ ಬಳಿಗೆ ಹೋಗಬಲ್ಲರು. ಬೆಂಗಳೂರಿನಲ್ಲಿ ಹಲವೆಡೆ ಒಂದು ಭೇಟಿಗೇ ಸಾವಿರ ರೂಪಾಯಿ ದಾಟುತ್ತದೆ. ಒಂದು ಭೇಟಿಯಿಂದ ಕೆಲಸ ಮುಗಿಯುವುದೂ ಇಲ್ಲ. ದಿನಗೂಲಿಯ ಕುಟುಂಬ ಎಲ್ಲಿಗೆ ಹೋಗಬೇಕು? 2015–16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಕ್ಕೆ ಸಿಲುಕಿದ ನೂರು ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಅವರ ಹಿಂದಿರುವ ಹೆಂಡತಿ ಮಕ್ಕಳನ್ನು ಎಣಿಸಿದವರಾರು?

"ಪಾಪನಿವೇದನೆ ಇದೆಯಲ್ಲ, ಗುರುಗಳಿದ್ದಾರಲ್ಲ" ಎನ್ನುವವರಿದ್ದಾರೆ. ಪಾಪನಿವೇದನೆ ಪಾಪಕ್ಕೆ ಕ್ಷಮೆ ನೀಡುವ ಸಂಸ್ಕಾರ. ಖಿನ್ನತೆ ಪಾಪವಲ್ಲ; ಅದಕ್ಕೆ ಕ್ಷಮೆ ಬೇಕಿಲ್ಲ, ಆರೈಕೆ ಬೇಕು. ಸೆಮಿನರಿಯಲ್ಲಿ ನಾವು ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವರ್ಷಗಟ್ಟಲೆ ಓದಿದೆವು. ನೊಂದವರ ಎದುರು ಕುಳಿತು ಸುಮ್ಮನೆ ಕೇಳಿಸಿಕೊಳ್ಳುವ ವಿದ್ಯೆ ನಮ್ಮಲ್ಲಿ ಅನೇಕರಿಗೆ ಬರಲಿಲ್ಲ. ಪೋಪ್ ಫ್ರಾನ್ಸಿಸರು 2016ರ 'ಅಮೋರಿಸ್ ಲೆತೀಸಿಯಾ' ಪತ್ರದಲ್ಲಿ, ಕುಟುಂಬಗಳ ಜಟಿಲ ಸಮಸ್ಯೆಗಳನ್ನು ಎದುರಿಸುವ ತರಬೇತಿ ಗುರುಗಳಿಗೆ ಸಾಲದೆಂಬ ಕೊರತೆಯನ್ನು ಮುಚ್ಚಿಡದೆ ಹೇಳಿದರು. ಶ್ರೀಸಾಮಾನ್ಯರನ್ನು ಈ ಸೇವೆಗೆ ಸಿದ್ಧಗೊಳಿಸಬೇಕೆಂದೂ ಸೂಚಿಸಿದರು. ಅವರೇ ಒಪ್ಪಿಕೊಂಡದ್ದನ್ನು ಒಪ್ಪಲು ನಮಗೇಕೆ ಸಂಕೋಚ?

ಇನ್ನು ಕೆಲವರು "ತಜ್ಞರೆಲ್ಲಿ, ಹಣವೆಲ್ಲಿ?" ಎನ್ನುತ್ತಾರೆ. ಉತ್ತರ ನೆರೆಯ ಗೋವಾದಲ್ಲಿದೆ. 1996ರಲ್ಲಿ ಆರಂಭವಾದ 'ಸಂಗಾತ್' ಸಂಸ್ಥೆ ವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅವರಿಂದ ಸಮಾಲೋಚನೆ ನಡೆಸಿತು. ಖಿನ್ನತೆಗೆ ಆರರಿಂದ ಎಂಟು ಭೇಟಿ, ಕುಡಿತಕ್ಕೆ ಹೆಚ್ಚೆಂದರೆ ನಾಲ್ಕು. ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಇವರಲ್ಲಿ ಹೆಚ್ಚು ಮಂದಿ ಚೇತರಿಸಿಕೊಂಡರೆಂದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ 2017ರಲ್ಲಿ ವರದಿಯಾಯಿತು. ಆಫ್ರಿಕಾದ ಜಿಂಬಾಬ್ವೆಯಲ್ಲಂತೂ ತರಬೇತಿ ಪಡೆದ ಅಜ್ಜಿಯಂದಿರು ಮರದ ಬೆಂಚಿನ ಮೇಲೆ ಕುಳಿತೇ ಈ ಕೆಲಸ ಮಾಡುತ್ತಿದ್ದಾರೆ. ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ಶಿಕ್ಷಕಿಯರಿಲ್ಲವೇ? ದಾದಿಯರಿಲ್ಲವೇ? ಬೆಂಚುಗಳಿಲ್ಲವೇ?

ಸರ್ಕಾರವೂ ಸುಮ್ಮನೆ ಕುಳಿತಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್'ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಈ ಸಂಖ್ಯೆ ಎಷ್ಟು ದೇವಾಲಯಗಳ ಸೂಚನಾ ಫಲಕದಲ್ಲಿದೆ? ಆದರೆ ಗಂಡ ಹೆಂಡಿರನ್ನು ಎದುರುಬದುರು ಕೂರಿಸಿ ಮಾತನಾಡಿಸಲು, ವಾರವಾರವೂ ಹಿಂಬಾಲಿಸಿ ವಿಚಾರಿಸಲು ನೆರೆಯಲ್ಲೇ ಜನ ಬೇಕು.

ಒಂದು ಎಚ್ಚರಿಕೆ. ಸಮಾಲೋಚನೆಯೆಂದರೆ ಹೇಗಾದರೂ ರಾಜಿ ಮಾಡಿಸುವುದಲ್ಲ. ಹೊಡೆತ ತಿಂದು ಬಂದ ಹೆಣ್ಣುಮಗಳನ್ನು "ಹೊಂದಿಕೊಂಡು ಹೋಗಮ್ಮ" ಎಂದು ಮರಳಿ ಅದೇ ಮನೆಗೆ ಕಳುಹಿಸುವುದು ಪಾಲನೆಯಲ್ಲ, ಪಾಪ. ಅವಳ ರಕ್ಷಣೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ, 181 ಸಹಾಯವಾಣಿಯಿದೆ. ತೀವ್ರ ಮನೋರೋಗವಿದ್ದರೆ ಮನೋವೈದ್ಯರೇ ನೋಡಬೇಕು. ತನ್ನ ಮಿತಿಯನ್ನು ಅರಿತವನೇ ಒಳ್ಳೆಯ ಸಮಾಲೋಚಕ.

ನಾನು ಬೇಡುವುದು ಇಷ್ಟೇ. ಅಕ್ಕಪಕ್ಕದ ಧರ್ಮಕೇಂದ್ರಗಳು ಒಟ್ಟುಗೂಡಿ ಒಂದು ಕೋಣೆಯನ್ನು ಕೊಡಲಿ. ವಾರಕ್ಕೆ ಎರಡು ಸಂಜೆ ಅದು ತೆರೆದಿರಲಿ. ಬಾಗಿಲು ಗುರುಗಳ ಕಚೇರಿಯ ಎದುರಿಗೆ ಬೇಡ. ಯಾರು ಬಂದರು, ಯಾರು ಹೋದರು ಎಂಬುದು ಊರಿಗೆ ತಿಳಿಯಬಾರದು. ತರಬೇತಿ ಪಡೆದ ಒಬ್ಬ ಸ್ತ್ರೀ, ಒಬ್ಬ ಪುರುಷ ಅಲ್ಲಿರಲಿ. ಅವರಿಗೆ ಮಾರ್ಗದರ್ಶನ ನೀಡಲು ತಿಂಗಳಿಗೊಮ್ಮೆ ತಜ್ಞರೊಬ್ಬರು ಬರಲಿ. ಶುಲ್ಕ ಕೊಡಬಲ್ಲವರು ಕೊಡಲಿ, ಇಲ್ಲದವರಿಂದ ಕೇಳುವುದೇ ಬೇಡ. ಬಂದವರ ಜಾತಿ ಮತವನ್ನು ಯಾರೂ ವಿಚಾರಿಸದಿರಲಿ.

ಹಣವೇ? ವಾರ್ಷಿಕ ಹಬ್ಬದ ವಿದ್ಯುದ್ದೀಪ, ಪಟಾಕಿ, ಧ್ವನಿವರ್ಧಕಗಳ ಲೆಕ್ಕವನ್ನು ಒಮ್ಮೆ ತೆಗೆದು ನೋಡಿ. ತೇರು ನಿಲ್ಲಬೇಕಿಲ್ಲ, ದೀಪದ ಸಾಲು ಅರ್ಧವಾದರೂ ಮಾತೆ ಮರಿಯಮ್ಮನವರು ಮುನಿಯಲಾರರು. ಮುಂದಿನ ಹಬ್ಬದ ಖರ್ಚಿಗೆ ಒಪ್ಪಿಗೆ ನೀಡುವ ಮುನ್ನ ಪ್ರತಿ ಪಾಲನಾ ಸಮಿತಿಯೂ ಈ ಪ್ರಶ್ನೆಯನ್ನು ಚರ್ಚಿಸಲಿ. ನನ್ನ ಸಹೋದರ ಗುರುಗಳಲ್ಲಿಯೂ ಒಂದು ವಿನಂತಿ: ಈ ಭಾನುವಾರ ಒಬ್ಬ ತಾಯಿ ನಿಮ್ಮ ಬಳಿಗೆ ಬಂದರೆ ದಯವಿಟ್ಟು ಗಡಿಯಾರ ನೋಡಬೇಡಿ.