ಎದೆಹಾಲು ಕುಡಿದ ಮಗು ಹೆಚ್ಚು ಬುದ್ಧಿವಂತವೇ? ದೆಹಲಿ ಅಧ್ಯಯನ ತೋರಿಸಿದ್ದೇ ಬೇರೆ!

ನವದೆಹಲಿ: ಎದೆಹಾಲು ಕುಡಿಸಿದರೆ ಮಗುವಿನ ಬುದ್ಧಿ ಚುರುಕಾಗುತ್ತದೆ. ಆಸ್ಪತ್ರೆಯಲ್ಲೂ ಮನೆಯಲ್ಲೂ ಬಾಣಂತಿಯರಿಗೆ ಹೇಳುವ ಮಾತಿದು. ಇದರಲ್ಲಿ ಸತ್ಯವಿದೆ, ಆದರೆ ವಿಷಯ ಅಷ್ಟು ಸರಳವಾಗಿಲ್ಲ.

ಈ ಕುರಿತ ಬಹುದೊಡ್ಡ ಪ್ರಯೋಗ ನಡೆದಿದ್ದು ಬೆಲಾರಸ್‌ನಲ್ಲಿ. 1996-97ರಲ್ಲಿ 31 ಆಸ್ಪತ್ರೆಗಳಲ್ಲಿ ಜನಿಸಿದ 17 ಸಾವಿರಕ್ಕೂ ಹೆಚ್ಚು ಶಿಶುಗಳು ಇದರಲ್ಲಿದ್ದವು. ಕೆಲವು ಆಸ್ಪತ್ರೆಗಳಲ್ಲಿ ತಾಯಂದಿರಿಗೆ ಹಾಲುಣಿಸಲು ವಿಶೇಷ ನೆರವು ನೀಡಲಾಯಿತು. ಆರೂವರೆ ವರ್ಷವಾದಾಗ ಆ ಮಕ್ಕಳ ಭಾಷಾ ಸಾಮರ್ಥ್ಯದ ಐಕ್ಯೂ ಸರಾಸರಿ 7.5 ಅಂಕ ಹೆಚ್ಚಿತ್ತು. 16ನೇ ವಯಸ್ಸಿಗೆ ಅಂತರ ಬಹುಪಾಲು ಕರಗಿತು. ಭಾಷೆಯಲ್ಲಷ್ಟೇ ಸ್ವಲ್ಪ ಉಳಿಯಿತು.

ತಾಯಿಯಿಂದಲೇ ಶುರು

ದಕ್ಷಿಣ ದೆಹಲಿಯ ಕಡಿಮೆ ಮತ್ತು ಮಧ್ಯಮ ಆದಾಯದ ಬಡಾವಣೆಗಳಲ್ಲಿ 2017ರಲ್ಲಿ ಆರಂಭವಾದ 'ವಿಂಗ್ಸ್' ಅಧ್ಯಯನ ಹಾಲನ್ನಷ್ಟೇ ನೋಡಲಿಲ್ಲ. 13,500 ಮಹಿಳೆಯರು ಇದರಲ್ಲಿದ್ದರು. ಅವರಲ್ಲಿ ಒಂದು ಗುಂಪಿಗೆ ಗರ್ಭ ಧರಿಸುವ ಮೊದಲೇ ಆರೋಗ್ಯ ತಪಾಸಣೆ, ಪೌಷ್ಟಿಕ ಆಹಾರ, ಶುದ್ಧ ನೀರು, ಮಾನಸಿಕ ನೆಮ್ಮದಿಗೆ ನೆರವು ಸಿಕ್ಕಿತು. ಹೆರಿಗೆಯ ಬಳಿಕ ಹಾಲುಣಿಸಲು ಸಹಾಯ, ಮಗುವಿನೊಂದಿಗೆ ಆಡುವ, ಮಾತಾಡುವ ಬಗ್ಗೆ ಮಾರ್ಗದರ್ಶನವೂ ಇತ್ತು. ಹೀಗೆ ಎಲ್ಲ ಹಂತದಲ್ಲೂ ನೆರವು ಪಡೆದವರ ಮಕ್ಕಳಲ್ಲಿ, ಎರಡು ವರ್ಷವಾದಾಗ, ಕುಂಠಿತ ಬೆಳವಣಿಗೆ ಉಳಿದವರಿಗಿಂತ ಸರಿಸುಮಾರು ಅರ್ಧಕ್ಕಿಳಿದಿತ್ತು. ಗ್ರಹಿಕೆಯ ಪರೀಕ್ಷೆಯಲ್ಲೂ ಅವರು ಮುಂದಿದ್ದರು, ಅಂತರ ಭಾರೀ ಏನಲ್ಲ.

ಅಂದರೆ ಮಗುವಿನ ಬುದ್ಧಿಯ ಹೊಣೆಯನ್ನು ತಾಯಿಯ ಎದೆಹಾಲಿನ ಮೇಲಷ್ಟೇ ಹೊರಿಸುವುದು ತಪ್ಪು. ತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಆಸ್ಪತ್ರೆಗಳೂ ಇದರಿಂದ ಹೊರತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-21) ಪ್ರಕಾರ ದೇಶದಲ್ಲಿ ಶೇ 88.6ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತಿದೆ. ಆದರೂ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಗುವುದು ಶೇ 41.8 ಮಕ್ಕಳಿಗೆ ಮಾತ್ರ.

ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸುವ ಕೊಠಡಿ ಬೇಕೆಂಬ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ, ಪ್ರಸನ್ನ ಬಿ. ವರಾಳೆ ಅವರ ಪೀಠ 2025ರ ಫೆಬ್ರುವರಿಯಲ್ಲಿ ತಾಯಿ-ಮಗುವಿನ ಹಕ್ಕನ್ನು ಎತ್ತಿಹಿಡಿಯಿತು. ಕೊಠಡಿ ಬಂದರೆ ಒಳ್ಳೆಯದೇ. ಆದರೆ ಗುರುಗ್ರಾಮ, ನೋಯ್ಡಾದ ಅಪಾರ್ಟ್‌ಮೆಂಟ್‌ಗಳಲ್ಲಿ ಬೇರೆಯವರ ಮಗು ಆಡಿಸುವ ಮಹಿಳೆಗೆ ಬೇಕಿರುವುದು ಕೊಠಡಿಯಲ್ಲ, ರಜೆ. ಅಲ್ಲಿನ ಐಟಿ ಕಂಪನಿಯ ಉದ್ಯೋಗಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಆಕೆಯ ಮನೆಗೆಲಸದವಳಿಗೆ ಸಿಗಬಹುದಾದದ್ದು ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ ₹5,000, ಅದೂ ಕಂತಿನಲ್ಲಿ.