ಕೈ ಖಾಲಿ, ಕಿವಿ ಭರ್ತಿ

'ಹ್ಯಾಂಡ್ಸ್‌ಫ್ರೀ' ಎನ್ನುವ ಪದದಷ್ಟು ದೊಡ್ಡ ಸುಳ್ಳು ರಸ್ತೆಯ ಮೇಲೆ ಇನ್ನೊಂದಿಲ್ಲ. ಬೈಕ್ ಓಡಿಸುವವನ ಎಡಗೈಯಲ್ಲಿ ಕ್ಲಚ್ಚು, ಬಲಗೈಯಲ್ಲಿ ಆಕ್ಸಿಲರೇಟರು ಮತ್ತು ಮುಂದಿನ ಬ್ರೇಕು. ಅವನ ಕೈ ಯಾವಾಗ ಖಾಲಿಯಿತ್ತು? ಖಾಲಿಯಾಗುವುದು ತಲೆ. ಅದನ್ನು ಹೇಳುವ ಪದ ಮಾತ್ರ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಿಲ್ಲ.

ಹೆಲ್ಮೆಟ್ಟಿನೊಳಗೆ ಕೂರಿಸುವ ಬ್ಲೂಟೂತ್ ಹೆಡ್‌ಸೆಟ್ಟಿನ ವಿರೋಧಿ ನಾನಲ್ಲ. ಇನ್ನೂರು ಪೌಂಡು ಕೊಟ್ಟು ಕೊಂಡಿದ್ದೇನೆ, ಇವತ್ತಿಗೂ ಹಾಕಿಕೊಳ್ಳುತ್ತೇನೆ. ನನ್ನ ಜಗಳ ಅದನ್ನು ನಾವು ಬಳಸುವ ರೀತಿಯ ಜೊತೆ, ಅದರಲ್ಲೂ ನನ್ನ ಜೊತೆಗೇ.

ನನ್ನ ಆಫೀಸು ಪಾರ್ಕ್ ರಾಯಲ್‌ನಲ್ಲಿದೆ. ಊರಿನ ಓದುಗರಿಗೆ ಹೇಳುವುದಾದರೆ, ಇದು ಲಂಡನ್ನಿನ ಪೀಣ್ಯ. 1936ರಿಂದ 2005ರವರೆಗೆ ಇಲ್ಲಿ ಗಿನ್ನೆಸ್ ಬಿಯರಿನ ದೊಡ್ಡ ಕಾರ್ಖಾನೆ ಇತ್ತು. ಈಗ ಬೇಕರಿ, ಗೋದಾಮು, ಗ್ಯಾರೇಜು, ಮತ್ತು ಗಿರಾಕಿಗೆ ಮೇಜೇ ಇಲ್ಲದ, ಫೋನಿನ ಆರ್ಡರಿಗೆ ಮಾತ್ರ ಬೇಯಿಸುವ ಅಡುಗೆಮನೆಗಳು. ಅವುಗಳ ಬಾಗಿಲಲ್ಲಿ ಮೊಪೆಡ್ ಹುಡುಗರ ಸಾಲು. ಬಹಳ ಗಾಡಿಗಳ ಹಿಂದೆ ಕೆಂಪು 'ಎಲ್' ಫಲಕ. ಈ ದೇಶದಲ್ಲಿ 17 ವರ್ಷ ತುಂಬಿದವನು ಮೂಲಭೂತ ತರಬೇತಿ ಮುಗಿಸಿದರೆ, ಪೂರ್ಣ ಲೈಸೆನ್ಸ್ ಇಲ್ಲದೆಯೂ, 125 ಸಿಸಿ ಗಾಡಿಯನ್ನು ಎರಡು ವರ್ಷ ಓಡಿಸಬಹುದು. ಅವರಲ್ಲಿ ಕೆಲವರ ಲೆಕ್ಕಪತ್ರ ಬರೆಯುವವನು ನಾನು. ದಾವಣಗೆರೆಯಲ್ಲಿ ಬಿಕಾಂ, ಬೆಂಗಳೂರಿನಲ್ಲಿ ಸಿಎ ಮಾಡಿ, ಇಲ್ಲಿಗೆ ಬಂದು ಬೈಕ್ ಕಲಿತವನು.

ಹೆಲ್ಮೆಟ್ಟೇ ನನ್ನ ಕನ್ನಡ ಸಂಘವಾಗಿತ್ತು. ಆಫೀಸಿನಲ್ಲಿ ಇಂಗ್ಲಿಷು, ಮನೆಯಲ್ಲಿ ಮಕ್ಕಳ ಇಂಗ್ಲಿಷು. ನಡುವೆ ಹಿಲ್ಲಿಂಗ್ಡನ್ನಿನಿಂದ ಎ40 ರಸ್ತೆಯಲ್ಲಿ ಬರುವ ಅರ್ಧ ಗಂಟೆ ಮಾತ್ರ ಕನ್ನಡ. ಚಳಿಗಾಲದಲ್ಲಿ ಇಲ್ಲಿ ಬೆಳಗಿನ ಏಳೂವರೆ ಎಂದರೆ ದಾವಣಗೆರೆಯಲ್ಲಿ ಮಧ್ಯಾಹ್ನ ಒಂದು ಗಂಟೆ. ಅಮ್ಮ ಊಟ ಮುಗಿಸಿ ಫೋನಿಗೆ ಕಾಯುವ ಹೊತ್ತು. ಸಂಜೆ ಆರಕ್ಕೆ ನಾನು ಹೊರಡುವಾಗ ಅಲ್ಲಿ ರಾತ್ರಿ ಹನ್ನೊಂದೂವರೆ, ಅವಳಿಗೆ ನಿದ್ದೆ. ಹಾಗಾಗಿ ಬೆಳಗಿನ ಸವಾರಿಯೇ ನಮ್ಮ ಮಾತಿನ ಹೊತ್ತಾಯಿತು.

ಬೈಕಿನ ಮೇಲಿದ್ದೇನೆಂದು ನಾನು ಅವಳಿಗೆ ಹೇಳಿರಲಿಲ್ಲ. "ಅದೇನಪ್ಪಾ ನಿಮ್ಮಾಫೀಸಲ್ಲಿ ಯಾವಾಗ್ಲೂ ಭರ್ರೋ ಅನ್ನೋ ಗಾಳಿ?" ಎಂದು ಒಮ್ಮೆ ಕೇಳಿದಳು. "ಹಳೇ ಫ್ಯಾನಮ್ಮ" ಎಂದೆ. ಜನವರಿ ತಿಂಗಳ ಲಂಡನ್ನಿನಲ್ಲಿ ಫ್ಯಾನು! ಅವಳು ನಂಬಿದಳು.

ಒಂದು ದಿನ ಹ್ಯಾಂಗರ್ ಲೇನಿನ ಜೈರೇಟರಿಯಲ್ಲಿ, ಎ40 ಮತ್ತು ನಾರ್ತ್ ಸರ್ಕ್ಯುಲರ್ ರಸ್ತೆ ಕೂಡುವ ಆ ದೊಡ್ಡ ಸುತ್ತಿನಲ್ಲಿ, ಅಮ್ಮ ಚಿಕ್ಕಪ್ಪನ ಆಪರೇಷನ್ನಿನ ವಿಷಯ ಹೇಳುತ್ತಿದ್ದಳು. ಲಾರಿಯ ಹಾರನ್ನು ಬೆನ್ನಿಗೆ ಬಡಿದಾಗಲೇ ಗೊತ್ತಾದದ್ದು ನಾನು ಅದರ ಲೇನಿಗೆ ನುಗ್ಗಿದ್ದೇನೆಂದು. ಏನೂ ಆಗಲಿಲ್ಲ. ಆದರೆ ಆಫೀಸಿನ ಮುಂದೆ ಗಾಡಿ ನಿಲ್ಲಿಸಿದಾಗ ಅಮ್ಮ ಹೇಳಿದ್ದು ಅಕ್ಷರಶಃ ನೆನಪಿತ್ತು, ಡಾಕ್ಟರು ಹೇಳಿದ ಖರ್ಚೂ ಸೇರಿ. ಹಿಂದಿನ ಮೂರು ಸಿಗ್ನಲ್ಲು ಕೆಂಪಿದ್ದವೋ ಹಸಿರಿದ್ದವೋ, ಅದೊಂದೂ ನೆನಪಿರಲಿಲ್ಲ.

ಕೈಯಲ್ಲಿ ಹಿಡಿದ ಫೋನು ಬ್ರಿಟನ್ನಿನಲ್ಲಿ 2003ರ ಡಿಸೆಂಬರಿನಿಂದ ಅಪರಾಧ. 2017ರಿಂದ ದಂಡ 200 ಪೌಂಡು, ಲೈಸೆನ್ಸಿಗೆ ಆರು ಅಂಕ. ಭಾರತದಲ್ಲಿ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಕೈಫೋನನ್ನು ಅಪಾಯಕರ ಚಾಲನೆಯ ಪಟ್ಟಿಗೆ ಸೇರಿಸಿತು. ಎರಡೂ ಕಡೆ ಕಾನೂನು ಹಿಡಿಯುವುದು ಕೈಯನ್ನು. "ಹೆಡ್‌ಸೆಟ್ಟಿಗೆ ಕಾನೂನಿನ ಅಡ್ಡಿಯಿಲ್ಲವಲ್ಲ" ಎನ್ನುವ ಸ್ನೇಹಿತರಿಗೆ ನಾನು ಹೇಳುವುದು: ಆಡಿಟ್ಟಿನಲ್ಲಿ ಪಾಸಾದ ಕಂಪನಿಗಳೂ ಮುಳುಗಿವೆ. ಇಲ್ಲಿಯ ಹೈವೇ ಕೋಡಿನ 149ನೇ ನಿಯಮವೇ ಹ್ಯಾಂಡ್ಸ್‌ಫ್ರೀ ಸಾಧನವೂ ಗಮನ ಸೆಳೆದುಬಿಡಬಹುದು ಎಂದು ಎಚ್ಚರಿಸುತ್ತದೆ. 2019ರಲ್ಲಿ ಸಂಸತ್ತಿನ ಸಾರಿಗೆ ಸಮಿತಿ, ಕೈಫೋನಿಗಿರುವ ನಿಷೇಧವನ್ನು ಹ್ಯಾಂಡ್ಸ್‌ಫ್ರೀಗೂ ಚಾಚುವ ಬಗ್ಗೆ ಸರ್ಕಾರ ಯೋಚಿಸಬೇಕು ಎಂದಿತು.

"ಹಿಂದೆ ಕೂತವರ ಜೊತೆ ಮಾತಾಡುವುದಿಲ್ಲವೇ?" ಎಂಬ ಪ್ರಶ್ನೆ ಬರುತ್ತದೆ. ಹಿಂದೆ ಕೂತವರಿಗೆ ರಸ್ತೆ ಕಾಣುತ್ತದೆ. ಬಸ್ಸು ಅಡ್ಡ ಬಂದರೆ ಅವರೇ ಬಾಯಿ ಮುಚ್ಚುತ್ತಾರೆ. ಜೊತೆ ಸವಾರರ ಇಂಟರ್‌ಕಾಮೂ ಹಾಗೆಯೇ, "ಮುಂದೆ ಗುಂಡಿ" ಎಂದು ಮುಂದಿನವನು ಹೇಳಿದರೆ ಅದು ಉಪಕಾರ. ಸುಮಾರು ಐದು ಸಾವಿರ ಮೈಲಿ ದೂರದಲ್ಲಿ ಕೂತ ಅಮ್ಮನಿಗೆ ನನ್ನ ಮುಂದಿನ ಲಾರಿ ಕಾಣುವುದಿಲ್ಲ. ಅವಳು ವಾಕ್ಯ ಮುಗಿಸಿಯೇ ಮುಗಿಸುತ್ತಾಳೆ.

ಇದು ಗಮನದ ಲೆಕ್ಕ. ಇನ್ನು ಕಿವಿಯ ಲೆಕ್ಕ.

ರಾತ್ರಿ ಮಲಗಿದಾಗ ಎಡಗಿವಿಯಲ್ಲಿ ಜೀರುಂಡೆ ಕೂಗಲು ಶುರುವಾದಾಗ ನಾನು ಮೊದಲು ದೂರಿದ್ದು ಎಂಜಿನ್ನನ್ನು. ತಪ್ಪು. ಹೆಲ್ಮೆಟ್ಟಿನೊಳಗಿನ ಗದ್ದಲ ಹೆಚ್ಚಾಗಿ ಗಾಳಿಯದ್ದು, ಗದ್ದದ ಕೆಳಗೆ, ಕುತ್ತಿಗೆಯ ಸುತ್ತ ಸುಳಿಯುವ ಗಾಳಿಯದ್ದು. ಗಂಟೆಗೆ 50 ಮೈಲಿ, ಅಂದರೆ 80 ಕಿ.ಮೀ. ವೇಗದಲ್ಲಿ ಅದು ಸುಲಭವಾಗಿ 90 ಡೆಸಿಬೆಲ್ ದಾಟುತ್ತದೆ. ನಮ್ಮ ಕಟ್ಟಡದ ಕೆಳಗಿರುವ ಬೇಕರಿಯಲ್ಲಿ ದಿನದ ಸರಾಸರಿ ಸದ್ದು 85 ಮುಟ್ಟಿದರೆ, 2005ರ ನಿಯಮದ ಪ್ರಕಾರ ಮಾಲೀಕ ಕೆಲಸಗಾರರ ಕಿವಿಗೆ ರಕ್ಷಣೆ ಕೊಡಿಸಲೇಬೇಕು. ಲೆಕ್ಕ ಸರಳ: ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧ. 85ಕ್ಕೆ ಎಂಟು ಗಂಟೆ, 88ಕ್ಕೆ ನಾಲ್ಕು, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ, 100ಕ್ಕೆ ಕಾಲು ಗಂಟೆ. ಗಾಳಿ 94 ಇದ್ದರೆ ಅದರ ಮೇಲೆ ಅಮ್ಮನ ದನಿ ಕೇಳಲು ಸ್ಪೀಕರನ್ನು ಇನ್ನೂ ಏರಿಸಬೇಕು. ದಿನದ ಪಾಲು ಆಫೀಸು ಮುಟ್ಟುವ ಮೊದಲೇ ಖರ್ಚಾಯಿತು. ಸಂಜೆಯದ್ದು ಸಾಲ.

ಯಂತ್ರಕ್ಕೆ ಸವಕಳಿ ಬರೆಯುತ್ತೇವೆ, ಕೊನೆಗೆ ಹೊಸದು ಕೊಳ್ಳುತ್ತೇವೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಆ ಸವಕಳಿಗೆ ಬದಲಿ ಖರೀದಿ ಇಲ್ಲ.

ಹಾಗಾದರೆ ಹೆಡ್‌ಸೆಟ್ ಬಿಸಾಡಬೇಕೇ? ಬೇಡ. ಸರಿಯಾಗಿ ಕೂರಿಸಿ. ಮೊದಲ ಖರೀದಿ ಹೆಡ್‌ಸೆಟ್ಟಲ್ಲ, ಕಿವಿಗೆ ತುರುಕುವ ಸ್ಪಂಜಿನ ಬಿರಡೆ. ಜೋಡಿಗೆ ಕೆಲವು ಪೆನ್ನಿ. "ಕಿವಿ ಮುಚ್ಚಿದರೆ ಸ್ಪೀಕರ್ ಕೇಳುವುದು ಹೇಗೆ?" ಎಂದು ನಾನೂ ನಕ್ಕಿದ್ದೆ. ಬಿಸಿಲಲ್ಲಿ ಕಪ್ಪು ಕನ್ನಡಕ ಹಾಕಿದರೆ ಹೇಗೆ ಬೋರ್ಡು ಚೆನ್ನಾಗಿ ಕಾಣುತ್ತದೋ ಹಾಗೆಯೇ ಇದು. ಗಾಳಿಯೂ ಮಾತೂ ಎರಡೂ ತಗ್ಗುತ್ತವೆ, ದಣಿಯದ ಕಿವಿ ಮಾತನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ಆಂಬ್ಯುಲೆನ್ಸಿನ ಸೈರನ್ನೂ ಕೇಳುತ್ತದೆ.

ಎರಡನೆಯದು ಸ್ಪೀಕರಿನ ಜಾಗ. ಕೆನ್ನೆಯ ಮೆತ್ತೆ ಬಿಚ್ಚಿದರೆ ಕಿವಿಯ ಹತ್ತಿರ ಒಂದು ಗುಳಿ ಇರುತ್ತದೆ. ಅಲ್ಲಿ ಅಂಟಿಸಿ ಕೈತೊಳೆದುಕೊಳ್ಳಬೇಡಿ. ಹೆಲ್ಮೆಟ್ ಮಾಡಿದವನಿಗೆ ನಿಮ್ಮ ಕಿವಿ ಎಲ್ಲಿದೆಯೆಂದು ಗೊತ್ತಿಲ್ಲ. ಸ್ಪೀಕರಿನ ನಡುಭಾಗ ಕಿವಿಯ ತೂತಿಗೆ ನೇರ ಬರಬೇಕು, ಹತ್ತಿರವಿರಬೇಕು, ಒತ್ತಬಾರದು. ಬೆರಳಗಲ ತಪ್ಪಿದರೂ ಸದ್ದು ಸೋರುತ್ತದೆ, ನಾವು ವಾಲ್ಯೂಮ್ ಏರಿಸುತ್ತೇವೆ. ಪೆಟ್ಟಿಗೆಯಲ್ಲಿ ಬರುವ ದಪ್ಪನೆಯ ಮೆತ್ತೆತುಂಡು ಇದಕ್ಕೇ ಇರುವುದು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟಾದರೆ ಗುಂಡಿಯಂಥ ಮೈಕನ್ನು ಗದ್ದದ ಪಟ್ಟಿಯ ಒಳಗೆ ಬಾಯಿಗೆ ನೇರ ಅಂಟಿಸಬೇಕು, ತೆರೆಯುವ ಹೆಲ್ಮೆಟ್ಟಿಗೆ ಕಡ್ಡಿಮೈಕು. ತಂತಿಗಳು ಬಟ್ಟೆಯ ಅಸ್ತರಿನ ಹಿಂದೆ ಹೋಗಲಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಒಳಗಿನ ಥರ್ಮೋಕೋಲಿಗೆ ಚಾಕು ಹಾಕಬೇಡಿ. ಕಳೆದ ಸಲ ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಹುಡುಗ ಸ್ಪೀಕರ್ ಹಿಡಿಸಲೆಂದು ಅದನ್ನು ಸೌತೆಕಾಯಿ ಹೆಚ್ಚಿದಂತೆ ಕೆತ್ತುತ್ತಿದ್ದ. ಗಿರಾಕಿ ನಿಂತು ನೋಡುತ್ತಿದ್ದ. ಬಿದ್ದಾಗ ತಲೆಯ ಏಟನ್ನು ನುಂಗುವುದು ಹೊಳೆಯುವ ಹೊರಚಿಪ್ಪಿಗಿಂತ ಹೆಚ್ಚಾಗಿ ಆ ಬಿಳಿ ಪದರ. ಕೆತ್ತಿದ ಮೇಲೆ ಹಿಂದಿನ ಐಎಸ್‌ಐ ಗುರುತು ಬರೀ ಸ್ಟಿಕ್ಕರು. ಚಿಪ್ಪಿಗೆ ತೂತು ಕೊರೆಯುವುದೂ ಅಷ್ಟೇ. ಕ್ಲಿಪ್ಪು ಅಥವಾ ಅಂಟುಪಟ್ಟಿ ಸಾಕು.

ಅದೇ ಬೆಂಗಳೂರಿನಲ್ಲಿ ಹೆಡ್‌ಸೆಟ್ಟೂ ಬೇಡವೆಂದು ಫೋನನ್ನೇ ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಕತ್ತು ವಾಲಿಸಿ ಓಡಿಸುವವರನ್ನು ಪ್ರತಿ ಸಿಗ್ನಲ್ಲಿನಲ್ಲಿ ನೋಡಿದೆ. ನಕ್ಕೆ. ಆಮೇಲೆ ನಗು ನಿಂತಿತು. ಅವನಿಗೂ ನನಗೂ ಇದ್ದ ವ್ಯತ್ಯಾಸ ಇನ್ನೂರು ಪೌಂಡು ಮಾತ್ರ.

ತೆರಿಗೆಯವರ ಮೇಲೂ ನನಗೊಂದು ತಕರಾರಿದೆ. ಬ್ರಿಟನ್ನಿನಲ್ಲಿ ಹೆಲ್ಮೆಟ್ಟಿಗೆ ವ್ಯಾಟ್ ಶೂನ್ಯ. ತಲೆ ಉಳಿಸುವ ವಸ್ತು, ಸರಿ. ಆದರೆ ಕಿವಿ ಉಳಿಸುವ ಬಿರಡೆಗೂ, ಕಿವಿ ಕೆಡಿಸಬಲ್ಲ ಹೆಡ್‌ಸೆಟ್ಟಿಗೂ ಒಂದೇ 20 ಶೇಕಡಾ. ಕಿವಿ ತಲೆಯ ಭಾಗವೆಂದು ಖಜಾನೆಗೆ ಇನ್ನೂ ಗೊತ್ತಾದಂತಿಲ್ಲ. ನನ್ನ ಮೊಪೆಡ್ ಹುಡುಗರು ಹೆಡ್‌ಸೆಟ್ಟಿನ ರಸೀದಿ ತಂದು, ಖರ್ಚಿಗೆ ಹಾಕಬಹುದೇ ಎಂದು ಕೇಳುತ್ತಾರೆ. ಕೆಲಸಕ್ಕೆ ಬಳಸಿದಷ್ಟು ಪಾಲು ಹಾಕಬಹುದು. ಬಿರಡೆಯ ರಸೀದಿ ಇದುವರೆಗೆ ಒಬ್ಬನೂ ತಂದಿಲ್ಲ. ಅವರ ಕಿವಿಗೆ ಬರುವುದು ಅಮ್ಮನ ಕರೆಯೂ ಅಲ್ಲ, ಮುಂದಿನ ಆರ್ಡರಿನ ಗಂಟೆ. ಗಾಡಿ ಓಡುತ್ತಿರುವಾಗ ಗಂಟೆ ಬಾರಿಸಿ, ಕೆಲವೇ ಕ್ಷಣಗಳಲ್ಲಿ ಒಪ್ಪು ಎನ್ನುವ ವ್ಯವಸ್ಥೆಯನ್ನು ಮಾಡಿದವರು ಒಂದು ದಿನ ಮಳೆಯಲ್ಲಿ ಆ ಗಾಡಿ ಓಡಿಸಿ ನೋಡಬೇಕು.

ನಮ್ಮ ಆಫೀಸಿಗೆ ಹತ್ತಿರವೇ ಏಸ್ ಕೆಫೆ ಇದೆ. 1938ರಲ್ಲಿ ಶುರುವಾಗಿ, 1969ರಲ್ಲಿ ಮುಚ್ಚಿ, 2001ರಲ್ಲಿ ಮತ್ತೆ ತೆರೆದ, ಬೈಕಿನವರ ಕಾಶಿ. ಹಿಂದಿನ ಕಾಲದ ಹುಡುಗರು ಜ್ಯೂಕ್‌ಬಾಕ್ಸಿನಲ್ಲಿ ಒಂದು ಹಾಡು ಹಚ್ಚಿ, ಅದು ಮುಗಿಯುವುದರೊಳಗೆ ಗೊತ್ತಾದ ಜಾಗ ಮುಟ್ಟಿ ವಾಪಸು ಬರುತ್ತಿದ್ದರಂತೆ. ಹುಚ್ಚೇ ಸರಿ. ಆದರೆ ಆ ಹುಚ್ಚರ ಹಾಡು ಕೆಫೆಯಲ್ಲೇ ಉಳಿಯುತ್ತಿತ್ತು, ಕಿವಿ ರಸ್ತೆಯ ಮೇಲಿರುತ್ತಿತ್ತು.

ನನ್ನ ಹೆಡ್‌ಸೆಟ್ಟಿಗೆ ಈಗ ಒಂದೇ ಕೆಲಸ, "ಎಡಕ್ಕೆ ತಿರುಗಿ" ಎಂದು ಹೇಳುವುದು. ಹ್ಯಾಂಡಲ್ಲಿನ ಮೇಲಿನ ಫೋನನ್ನು ಬಗ್ಗಿ ನೋಡುವುದಕ್ಕಿಂತ ಅದು ವಾಸಿ. ಕರೆಗಳು ಬಂದ್. ಹತ್ತು ನಿಮಿಷ ಮೊದಲೇ ಮನೆ ಬಿಟ್ಟು, ಆಫೀಸಿನ ಅಂಗಳದಲ್ಲಿ ಎಂಜಿನ್ ಆರಿಸಿ, ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ ಅಮ್ಮನಿಗೆ ಫೋನ್ ಮಾಡುತ್ತೇನೆ. ಅರ್ಧ ಗಂಟೆಯ ಕನ್ನಡ ಹತ್ತು ನಿಮಿಷಕ್ಕೆ ಇಳಿದಿದೆ. ನಷ್ಟ ಹೌದು, ಒಪ್ಪುತ್ತೇನೆ.

ಹಾಗೆ ಮಾಡಿದ ಮೊದಲ ದಿನ ಅಮ್ಮ ಕೇಳಿದಳು: "ಇವತ್ತು ಫ್ಯಾನ್ ಹಾಕಿಲ್ವಾ?" ನಿಜ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಆವತ್ತು ಕೂಗಿದ್ದು ಲಾರಿನಾ?" ಎಂದಳು. ಹೌದೆಂದೆ. ಬೈಗುಳವೆಲ್ಲ ಇಲ್ಲಿ ಬರೆಯುವಂಥದ್ದಲ್ಲ.

ಈಗ ಅವಳ ಮೊದಲ ಪ್ರಶ್ನೆ "ಊಟ ಆಯ್ತಾ?" ಅಲ್ಲ. "ಗಾಡಿ ನಿಲ್ಸಿದೀಯಾ?" ಊರಿನಲ್ಲಿರುವ ಅಪ್ಪ ಅಮ್ಮಂದಿರೇ, ಹೆಂಡತಿ ಗಂಡಂದಿರೇ, ನನ್ನಂಥ ಆಡಿಟರಿಗೆ ಬೆಳಗ್ಗೆ ಎಂಟಕ್ಕೆ ಫೋನ್ ಮಾಡುವ ಗಿರಾಕಿಗಳೇ, ನೀವೂ ಇದನ್ನೇ ಮೊದಲು ಕೇಳಿ. ಇಲ್ಲ ಎಂದರೆ ಇನ್ನೊಂದು ಮಾತಾಡದೆ ಫೋನ್ ಇಡಿ.