ಒಂದೂಕಾಲು ಸೆಕೆಂಡಿನ ಹಾಡು

ಒಂದು ಹಾಡು ಎಷ್ಟು ಚಿಕ್ಕದಾಗಿರಬಹುದು? ಮೂರು ನಿಮಿಷ? ಒಂದು ನಿಮಿಷ? ಇಂಗ್ಲೆಂಡಿನ ‘ನೇಪಾಮ್ ಡೆತ್’ ತಂಡದ ‘ಯು ಸಫರ್’ ಎಂಬ ಹಾಡು ಮುಗಿಯಲು ಬೇಕಾದದ್ದು ಕೇವಲ 1.316 ಸೆಕೆಂಡು! ಧ್ವನಿಮುದ್ರಿತ ಹಾಡುಗಳಲ್ಲೇ ಅತಿ ಚಿಕ್ಕದೆಂದು ಇದು ಗಿನ್ನೆಸ್ ದಾಖಲೆಗೂ ಸೇರಿತು. ಮನುಷ್ಯ ಯಾತಕ್ಕಾಗಿ ನೋಯುತ್ತಾನೆ ಎಂಬ ಒಂದೇ ಪ್ರಶ್ನೆ ಅದರಲ್ಲಿದೆ. ಉತ್ತರವಿಲ್ಲ.

ಈ ಹಾಡಿರುವುದು 1987ರ ಜುಲೈನಲ್ಲಿ ಹೊರಬಂದ ‘ಸ್ಕಮ್’ ಎಂಬ ಆಲ್ಬಮ್ಮಿನಲ್ಲಿ. ಸ್ಕಮ್ ಎಂದರೆ ನೀರಿನ ಮೇಲೆ ತೇಲುವ ಕೊಳಕು ನೊರೆ. ಜನರನ್ನು ಹೀನಾಯವಾಗಿ ಬೈಯಲೂ ಈ ಪದ ಬಳಕೆಯಲ್ಲಿದೆ. ಸುಮಾರು ಮೂವತ್ತಮೂರು ನಿಮಿಷಗಳಲ್ಲಿ ಇಪ್ಪತ್ತೆಂಟು ಹಾಡುಗಳು. ಮೊದಲ ಸಲ ಕೇಳಿದವರಿಗೆ ತಗಡಿನ ಮೇಲೆ ಕಲ್ಲು ಸುರಿದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಹಾಡುಗಾರನದು ಹಾಡಲ್ಲ, ಗುಡುಗು. ಸಾಹಿತ್ಯವನ್ನು ಕಾಗದದ ಮೇಲೆ ಓದಿದರಷ್ಟೇ ಅರ್ಥವಾಗುತ್ತದೆ.

ಇದನ್ನು ಮಾಡಿದವರು ಯಾರು? 1981ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಮೆರಿಡನ್ ಎಂಬ ಹಳ್ಳಿಯಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗರು ಕಟ್ಟಿದ ತಂಡವಿದು. ಲೋಹದ ಕಾರ್ಖಾನೆಗಳಿಗೆ ಹೆಸರಾದ ಬರ್ಮಿಂಗ್‌ಹ್ಯಾಮ್ ‘ಬ್ಲ್ಯಾಕ್ ಸಬ್ಬತ್’ ತಂಡದ ಮೂಲಕ ಹೆವಿ ಮೆಟಲ್ ಸಂಗೀತಕ್ಕೂ ತವರಾದ ಊರು. ಎಂಬತ್ತರ ದಶಕದಲ್ಲಿ ಅಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ನಿರುದ್ಯೋಗ ಹೆಚ್ಚಿತು. ಆಲ್ಬಮ್ಮಿನ ಮೊದಲ ಹಾಡೇ ಬಹುರಾಷ್ಟ್ರೀಯ ಕಂಪೆನಿಗಳ ಮೇಲೆ! ಸದ್ದಿನ ಹಿಂದೆ ಸಿಟ್ಟಿತ್ತು, ಸಿಟ್ಟಿಗೆ ಕಾರಣವಿತ್ತು.

ಆಲ್ಬಮ್ ತಯಾರಾದ ಕಥೆಯೂ ಅಷ್ಟೇ ಅಸ್ತವ್ಯಸ್ತ. ಮೊದಲ ಬದಿಯ ಹನ್ನೆರಡು ಹಾಡುಗಳನ್ನು 1986ರ ಆಗಸ್ಟ್‌ನಲ್ಲಿ ಮುದ್ರಿಸಿದವರು ನಿಕ್ ಬುಲೆನ್, ಜಸ್ಟಿನ್ ಬ್ರಾಡ್ರಿಕ್ ಮತ್ತು ಮಿಕ್ ಹ್ಯಾರಿಸ್. ಮೂವರೂ ಹದಿಹರೆಯದವರು. ಖರ್ಚು ಸುಮಾರು 50 ಪೌಂಡ್ ಎನ್ನುತ್ತಾರೆ. 1987ರ ಮೇ ತಿಂಗಳಲ್ಲಿ ಎರಡನೆಯ ಬದಿಯ ಹದಿನಾರು ಹಾಡುಗಳನ್ನು ಮುದ್ರಿಸುವ ಹೊತ್ತಿಗೆ ಡ್ರಮ್ಸ್ ಬಾರಿಸುವ ಹ್ಯಾರಿಸ್ ಬಿಟ್ಟು ಉಳಿದವರೆಲ್ಲ ಬದಲಾಗಿದ್ದರು. ಎರಡು ತಂಡ, ಒಂದು ಆಲ್ಬಮ್!

ಆದರೂ ಆಲ್ಬಮ್ ಒಡೆದುಹೋಗಲಿಲ್ಲ. ಅದಕ್ಕೆ ಹ್ಯಾರಿಸ್‌ನ ಕೈಗಳೇ ಕಾರಣ. ಡ್ರಮ್ಮುಗಳನ್ನೂ ತಾಳದ ತಟ್ಟೆಯನ್ನೂ ಒಂದರ ಹಿಂದೊಂದರಂತೆ ಮಿಂಚಿನ ವೇಗದಲ್ಲಿ ಬಾರಿಸುವ ಈ ಕ್ರಮಕ್ಕೆ ‘ಬ್ಲಾಸ್ಟ್ ಬೀಟ್’ ಎಂದು ಹೆಸರು. ಕೇಳುವವರಿಗೆ ಗೊಂದಲ, ಬಾರಿಸುವವನಿಗೆ ಕಟ್ಟುನಿಟ್ಟಿನ ಲೆಕ್ಕ. ಒಬ್ಬ ಅರೆಗಳಿಗೆ ತಪ್ಪಿದರೂ ಒಂದೂಕಾಲು ಸೆಕೆಂಡಿನ ಹಾಡಿನಲ್ಲಿ ಸರಿಪಡಿಸಿಕೊಳ್ಳಲು ಸಮಯವೆಲ್ಲಿದೆ? ಎಲ್ಲವೂ ವೇಗವೂ ಅಲ್ಲ. ನಡುನಡುವೆ ಗಿಟಾರು ಭಾರ ಹೊತ್ತವನಂತೆ ನಿಧಾನಕ್ಕೆ ಕಾಲೆಳೆಯುತ್ತದೆ. ಹಾಗಾಗಿಯೇ ಮುಂದಿನ ಸ್ಫೋಟ ಬೆಚ್ಚಿಬೀಳಿಸುತ್ತದೆ.

ಬಿ.ಬಿ.ಸಿ. ರೇಡಿಯೊದ ಜಾನ್ ಪೀಲ್ ಈ ಹಾಡುಗಳನ್ನು ಮೆಚ್ಚಿ ಪ್ರಸಾರ ಮಾಡಿದರು. ಆಗ ಅವರ ವಯಸ್ಸು ನಲವತ್ತೇಳು, ಮಕ್ಕಳಿದ್ದ ಗೃಹಸ್ಥ! ‘ಗ್ರೈಂಡ್‌ಕೋರ್’ ಎಂಬ ಪ್ರಕಾರ ಜಗತ್ತಿಗೆ ಪರಿಚಯವಾದದ್ದು ಬಹುಮಟ್ಟಿಗೆ ಈ ಆಲ್ಬಮ್ಮಿನಿಂದ. ಬ್ರಾಡ್ರಿಕ್ ಮುಂದೆ ‘ಗಾಡ್‌ಫ್ಲೆಶ್’ ಕಟ್ಟಿದ. ಎರಡನೆಯ ಬದಿಯ ಗಿಟಾರ್ ವಾದಕ ಬಿಲ್ ಸ್ಟೀರ್ ‘ಕಾರ್ಕಸ್’ ತಂಡದಲ್ಲಿ ಹೆಸರಾದ. ಹಾಡುಗಾರ ಲೀ ಡೋರಿಯನ್, ಅತಿ ವೇಗ ಸಾಕೆನಿಸಿತೋ ಏನೋ, ಅತಿ ನಿಧಾನದ ‘ಕೆಥೀಡ್ರಲ್’ ಕಟ್ಟಿದ!

ಈ ಸಂಗೀತ ಎಲ್ಲರಿಗೂ ಹಿಡಿಸಬೇಕೆಂದಿಲ್ಲ. ಆದರೆ ಮಗನ ಕೋಣೆಯಿಂದ ಇಂಥ ಸದ್ದು ಬಂದಾಗ ‘ಮೊದಲು ಅದನ್ನು ಆರಿಸು’ ಎನ್ನುವ ಮುನ್ನ ‘ಇವರಿಗೆ ಯಾರ ಮೇಲೆ ಸಿಟ್ಟು?’ ಎಂದು ಕೇಳಿ ನೋಡಬಹುದು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮಗನೂ ಸಾಹಿತ್ಯವನ್ನು ಓದಿಕೊಂಡಿರಬೇಕು. ಬರೀ ಸದ್ದು ಮಾಡುವುದು ಸುಲಭ. ಸದ್ದಿಗೊಂದು ಮಾತು ಕೊಡುವುದು ಕಷ್ಟ. ಬರ್ಮಿಂಗ್‌ಹ್ಯಾಮಿನ ಹುಡುಗರು ಮಾಡಿದ್ದು ಎರಡನೆಯದನ್ನು.